ಲಿಪಿ ದಾಟಿ ಬಂದ ಹಾಡು

ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಯಾವುದೆಂದು ಸುಗಮ ಸಂಗೀತ ಬಲ್ಲವರನ್ನು ಕೇಳಿದರೆ ಅವರು ಹೇಳುವ ಹೆಸರು ‘ನಿತ್ಯೋತ್ಸವ’. ಅದು ಹೊರಬಂದದ್ದು 1978ರಲ್ಲಿ. ಕವಿತೆಗಳು ಕೆ.ಎಸ್. ನಿಸಾರ್ ಅಹಮದ್ ಅವರವು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಅದಕ್ಕೆ ಎರಡು ವರ್ಷ ಮೊದಲು, 1976ರಲ್ಲಿ, ಅದೇ ಹೆಸರಿನ ಕವನ ಸಂಕಲನ ಪ್ರಕಟವಾಗಿತ್ತು. ಪುಸ್ತಕ ಓದಿದವರು ಎಷ್ಟು ಮಂದಿಯೋ, ಹಾಡು ಕೇಳಿದವರಿಗಂತೂ ಲೆಕ್ಕವಿಲ್ಲ. ನವೆಂಬರ್ ತಿಂಗಳಲ್ಲಿ ಕರ್ನಾಟಕದ ಯಾವ ಊರಿನ ಯಾವ ಶಾಲೆಯ ಮುಂದೆ ಹಾದು ಹೋದರೂ ಇದು ಕಿವಿಗೆ ಬೀಳುತ್ತದೆ. ಹಾಡುವ ಮಕ್ಕಳಲ್ಲಿ ಎಷ್ಟೋ ಜನರಿಗೆ ಕವಿಯ ಹೆಸರು ಗೊತ್ತಿರುವುದಿಲ್ಲ. ಒಂದು ಹಾಡಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕಿಲ್ಲ.

ಪಶ್ಚಿಮದ ದೇಶಗಳಲ್ಲಿ ಒಂದು ಪದ್ಧತಿಯಿದೆ. ಅವರು ಬಿಡಿ ಹಾಡನ್ನಷ್ಟೇ ನೆನೆಯುವುದಿಲ್ಲ, ಹಾಡುಗಳ ಒಂದು ಇಡೀ ಗುಚ್ಛವನ್ನೇ ಒಂದು ಕೃತಿಯೆಂದು ಭಾವಿಸಿ ಅದರ ಹುಟ್ಟುಹಬ್ಬ ಆಚರಿಸುತ್ತಾರೆ. ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್’ ಬಗ್ಗೆ ಇಂದಿಗೂ ಪುಸ್ತಕಗಳು ಬರುತ್ತಿವೆ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ಗೆ 2023ರಲ್ಲಿ ಐವತ್ತು ತುಂಬಿದಾಗ ಅಲ್ಲಿನ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಯಾರು ಯಾವ ವಾದ್ಯ ನುಡಿಸಿದರು, ಯಾವ ಹಾಡಿನ ನಂತರ ಯಾವ ಹಾಡು ಬಂತು, ಅದನ್ನು ಕೇಳಿದ ಪೀಳಿಗೆ ಏನಾಯಿತು ಎಂದೆಲ್ಲ ಅವರು ಚರಿತ್ರೆ ಬರೆದಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಆ ರೂಢಿ ಇಲ್ಲ. ಸಾಹಿತ್ಯ ಚರಿತ್ರೆ ಬರೆಯುವವರು ಪುಸ್ತಕವನ್ನು ಮಾತ್ರ ಎಣಿಸುತ್ತಾರೆ, ಸಂಗೀತದವರು ರಾಗವನ್ನು ಮಾತ್ರ. ನಡುವೆ ಇರುವ ಕ್ಯಾಸೆಟ್ಟು ಯಾರ ಲೆಕ್ಕಕ್ಕೂ ಸಿಗದೆ ಉಳಿದುಬಿಡುತ್ತದೆ. ಅದರಲ್ಲೂ ಬಸವಕಲ್ಯಾಣ, ಹುಮನಾಬಾದಿನಂಥ ಗಡಿಯ ಊರುಗಳಲ್ಲಿ ಆ ಕ್ಯಾಸೆಟ್ಟು ಏನು ಮಾಡಿತೆಂಬುದನ್ನು ಬೆಂಗಳೂರಿನಲ್ಲಿ ಕುಳಿತವರು ಊಹಿಸುವುದು ಕಷ್ಟ.

ಕವಿತೆಯನ್ನು ಹಾಡುವುದು ಕನ್ನಡಕ್ಕೆ ಹೊಸದೇನೂ ಆಗಿರಲಿಲ್ಲ. ಗಮಕವಿತ್ತು, ತತ್ವಪದಗಳಿದ್ದವು. ಪಾಂಡೇಶ್ವರ ಕಾಳಿಂಗರಾಯರು (1914–1981) ಹೊಸಗನ್ನಡದ ಕವಿತೆಗಳನ್ನು ಊರೂರಿಗೆ ಕೊಂಡೊಯ್ದು ಹಾಡಿದ್ದರು. ಮಲ್ಲಿಕಾರ್ಜುನ ಮನಸೂರರು ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಅವಕ್ಕೆ ಹೊಸ ಜೀವ ಕೊಟ್ಟಿದ್ದರು. ಆದರೆ ಇವೆಲ್ಲ ಒಂದೋ ಸಭೆಯಲ್ಲಿ ಕೇಳಬೇಕು, ಇಲ್ಲವೇ ರೇಡಿಯೊ ಬಿತ್ತರಿಸಿದಾಗ ಕೇಳಬೇಕು. ಗ್ರಾಮಫೋನ್ ತಟ್ಟೆ ಸ್ಥಿತಿವಂತರ ಮನೆಯ ವಸ್ತು. 1963ರಲ್ಲಿ ಫಿಲಿಪ್ಸ್ ಕಂಪನಿ ಯುರೋಪಿನಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಎಪ್ಪತ್ತರ ದಶಕದ ಕೊನೆಗೆ ನಮ್ಮ ದೇಶದ ಸಣ್ಣ ಊರುಗಳನ್ನು ತಲುಪಿದಾಗ ಈ ಸ್ಥಿತಿ ಬದಲಾಯಿತು. ಅದು ಅಗ್ಗ, ಜೇಬಿಗೆ ಹಿಡಿಸುತ್ತದೆ, ಬಿದ್ದರೆ ಒಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದರಿಂದ ಇನ್ನೊಂದಕ್ಕೆ ನಕಲು ಮಾಡಬಹುದು. ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸಿದರಾಯಿತು.

ನಮ್ಮ ಕಡೆಗೆ ಈ ಯಂತ್ರ ಬಂದದ್ದು ಕೊಲ್ಲಿಯಿಂದ. ದುಡಿಯಲು ಸೌದಿಗೋ ದುಬೈಗೋ ಹೋದವರು ರಜೆಯಲ್ಲಿ ಬರುವಾಗ ಹೊತ್ತು ತರುತ್ತಿದ್ದ ‘ಟೂ-ಇನ್-ಒನ್’ ಅಂದಿನ ಮುಸ್ಲಿಮ್ ಮೊಹಲ್ಲಾಗಳ ದೊಡ್ಡ ಸಂಭ್ರಮ. ರೇಡಿಯೊ, ಟೇಪ್ ಎರಡೂ ಅದರಲ್ಲೇ. ಅದರೊಳಗೆ ತಿರುಗುತ್ತಿದ್ದದ್ದು ನಾತ್, ಕವ್ವಾಲಿ, ಮೆಹದಿ ಹಸನ್ ಮತ್ತು ಗುಲಾಮ್ ಅಲಿಯವರ ಗಜಲು, ಹಿಂದಿ ಸಿನಿಮಾ ಹಾಡು. ಹುಮನಾಬಾದ್ ಎಂಬುದು ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಗೆ ಬೀದರ್–ಕಲಬುರಗಿ ರಸ್ತೆ ಕೂಡುವ ಊರು. ಅಲ್ಲಿನ ಚಹಾದ ಹೋಟೆಲುಗಳಲ್ಲಿ ಲಾರಿ ನಿಲ್ಲಿಸುವ ಡ್ರೈವರುಗಳ ಜೊತೆಗೆ ನಾಲ್ಕು ಭಾಷೆಯ ಹಾಡುಗಳು ಬಂದಿಳಿಯುತ್ತಿದ್ದವು. ಕನ್ನಡದ ಹಾಡೆಂದರೆ ರಾಜಕುಮಾರ್ ಚಿತ್ರದ ಹಾಡು. ಕನ್ನಡ ಕವಿತೆ ಆ ಯಂತ್ರದೊಳಗೆ ಹೋಗಬಹುದೆಂದು ಯಾರಿಗೂ ಅನ್ನಿಸಿರಲಿಲ್ಲ.

ಇಲ್ಲಿ ನಮ್ಮ ಸೀಮೆಯ ವಿಚಾರ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕರಾವಳಿಯ ಮತ್ತು ಹಳೇ ಮೈಸೂರಿನ ಓದುಗರಿಗೆ ಮುಂದಿನ ಮಾತು ತಿಳಿಯುವುದಿಲ್ಲ.

ಕಲ್ಯಾಣ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಇಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಶರಣರು ಜಾತಿಯ ಗೋಡೆ ಅಲುಗಿಸಿದ್ದು ಇಲ್ಲಿ. ದಖನಿ ಭಾಷೆಯ ಮೊದಲ ದೀರ್ಘ ಕಾವ್ಯ ಎನ್ನಲಾಗುವ, ಫಖ್ರುದ್ದೀನ್ ನಿಜಾಮಿಯ ‘ಕದಮ್ ರಾವ್ ಪದಮ್ ರಾವ್’ ಹದಿನೈದನೆಯ ಶತಮಾನದಲ್ಲಿ ಹುಟ್ಟಿದ್ದು ಪಕ್ಕದ ಬೀದರಿನಲ್ಲಿ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆ ನಿಂತ ಮಾಣಿಕಪ್ರಭುಗಳು ಒಂದೇ ಭಾಷೆಯಲ್ಲಿ ಹಾಡು ಕಟ್ಟಿದವರಲ್ಲ. ಮರಾಠಿ, ಹಿಂದಿ, ಕನ್ನಡ ಎಲ್ಲವೂ ಅವರ ನಾಲಗೆಯ ಮೇಲಿದ್ದವು. ರಾಜಾ ಬಾಗ್ ಸವಾರ್ ದರ್ಗಾದ ಉರುಸಿಗೆ ಯಾವ ಜಾತಿಯವರು ಬರುತ್ತಾರೆಂದು ನಮ್ಮೂರಲ್ಲಿ ಯಾರೂ ಎಣಿಸಲು ಹೋಗುವುದಿಲ್ಲ. ಕಿವಿಯ ಮಟ್ಟಿಗೆ ನಮ್ಮದು ಶ್ರೀಮಂತ ಸೀಮೆ.

ಬಡತನ ಇದ್ದದ್ದು ಅಕ್ಷರದಲ್ಲಿ. ನಿಜಾಮರ ರಾಜ್ಯದಲ್ಲಿ ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಹೊಲದ ಕಾಗದ, ಕೋರ್ಟಿನ ಕಾಗದ ಎಲ್ಲ ಉರ್ದು. ಮುಸ್ಲಿಮರು ಮಾತ್ರವಲ್ಲ, ಲಿಂಗಾಯತ ಪಟೇಲರು, ಬ್ರಾಹ್ಮಣ ವಕೀಲರು ಕೂಡ ಉರ್ದು ಬರೆಯುತ್ತಿದ್ದರು. ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿ ಶಾಲೆಗೆ ಹೋದವರು ಬೇರೆ. ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿಯಲ್ಲಿ ಓದಿದ ಜಯದೇವಿತಾಯಿ ಲಿಗಾಡೆಯವರು ಬಸವಕಲ್ಯಾಣದಲ್ಲಿ ನೆಲೆಸಿ, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಉರ್ದುವಿನಲ್ಲಿ ಓದಿದ ರಾಯಚೂರಿನ ಶಾಂತರಸರು ಕನ್ನಡಕ್ಕೆ ಗಜಲು ತಂದರು. ಹೀಗೆ ಬೇರೆ ಲಿಪಿಯಿಂದ ಕನ್ನಡಕ್ಕೆ ಬಂದವರು ನಮ್ಮಲ್ಲಿ ಹಲವರು. ಆದರೆ ಅವರೆಲ್ಲ ದೊಡ್ಡವರು, ಹಟ ಹಿಡಿದು ಕಲಿತವರು. ಸಾಮಾನ್ಯರ ಪಾಡು ಹಾಗಿರಲಿಲ್ಲ.

1948 ನಮ್ಮ ಸೀಮೆಗೆ ಬಹಳ ಕಹಿಯಾದ ವರ್ಷ. ಮೊದಲು ರಜಾಕಾರರ ಕಾಟ. ಬಸವಕಲ್ಯಾಣದ ಸಮೀಪದ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯೆಯನ್ನು ಯಾರೂ ಮರೆತಿಲ್ಲ, ಮರೆಯಲೂ ಬಾರದು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಬೀದರ್, ಕಲಬುರಗಿ, ಉಸ್ಮಾನಾಬಾದ್ ಜಿಲ್ಲೆಗಳ ಮುಸ್ಲಿಮರಿಗೆ ಆದದ್ದನ್ನು ಸುಂದರಲಾಲ್ ಸಮಿತಿ ವರದಿ ಮಾಡಿತು. ಆ ವರದಿ ಸಾರ್ವಜನಿಕರ ಕಣ್ಣಿಗೆ ಬೀಳಲು ದಶಕಗಳೇ ಬೇಕಾದವು. ಈ ಎರಡು ಗಾಯಗಳ ನಡುವೆ ಭಾಷೆಯೂ ಸಿಕ್ಕಿಕೊಂಡಿತು. ಉರ್ದು ಎಂದರೆ ಹಳೆಯ ಪ್ರಭುತ್ವ, ಕನ್ನಡ ಎಂದರೆ ಹೊಸ ಪ್ರಭುತ್ವ ಎಂಬ ಭಾವನೆ ಎರಡೂ ಕಡೆ ಬೇರೂರಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಹಿಂದಿನ ದಿನದವರೆಗೆ ವಿದ್ಯಾವಂತರಾಗಿದ್ದ ಎಷ್ಟೋ ಮಂದಿ ಮರುದಿನ ಸರಕಾರಿ ಕಚೇರಿಯ ಬೋರ್ಡು ಓದಲಾರದ ಅನಕ್ಷರಸ್ಥರಾದರು. ಮಾತಿನ ಕನ್ನಡ ಅವರಿಗೆ ಗೊತ್ತಿತ್ತು. ಸಂತೆಯಲ್ಲಿ ತೊಗರಿ, ಜೋಳ ಮಾರಿದ್ದು ಅದೇ ಕನ್ನಡದಲ್ಲಿ. ಪುಸ್ತಕದ ಕನ್ನಡಕ್ಕೆ ಮಾತ್ರ ಬಾಗಿಲು ಮುಚ್ಚಿತ್ತು.

ಕ್ಯಾಸೆಟ್ಟಿಗೆ ಲಿಪಿ ಇಲ್ಲ. ಹೊಸಗನ್ನಡದ ಒಂದು ಇಡೀ ಕವಿತೆ, ನಡುವೆ ಅಕ್ಷರದ ಸುಂಕದ ಕಟ್ಟೆ ಇಲ್ಲದೆ, ಉರ್ದು ಮಾತ್ರ ಓದಬಲ್ಲ ಮನೆಯೊಳಗೆ ಬಂದು ಕುಳಿತದ್ದು ‘ನಿತ್ಯೋತ್ಸವ’ ಮತ್ತು ಅದರ ಹಿಂದೆಯೇ ಬಂದ ಧ್ವನಿಸುರುಳಿಗಳಿಂದ. ಅಲ್ಲಿಯವರೆಗೆ ಕನ್ನಡ ಕವಿತೆ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಪದ್ಯವಾಗಿತ್ತು. ಈಗ ಅದು ಅಡುಗೆ ಮಾಡುತ್ತ ಕೇಳುವ ಹಾಡಾಯಿತು. ಸಂಗೀತ ಮನೆಯಲ್ಲಿ ಬೇಕೇ ಬೇಡವೇ ಎಂಬ ಬಗ್ಗೆ ನಮ್ಮ ಹಿರಿಯರಲ್ಲಿ ಭಿನ್ನಾಭಿಪ್ರಾಯವಿತ್ತು, ಇಂದಿಗೂ ಇದೆ. ಗಜಲಿಗೆ ಮುಖ ಸಿಂಡರಿಸುವ ಮನೆಗಳೂ ಇದ್ದವು. ಅಂಥಲ್ಲಿ ಕೂಡ ‘ಶಾಲೆಯ ಹಾಡು’ ಎಂಬ ರಿಯಾಯಿತಿ ಇದಕ್ಕೆ ಸಿಕ್ಕಿತು.

ನಮಗೂ ಈ ಧ್ವನಿಸುರುಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಉರ್ದು ಮಾಧ್ಯಮದ ಶಾಲೆಯಲ್ಲಿ ನಾವು ಇದನ್ನು ಕಲಿತ ಬಗೆ ಹೇಳಬೇಕು. ಕನ್ನಡ ಅಕ್ಷರಗಳು ಇನ್ನೂ ಕೈಗೆ ಒಗ್ಗಿರಲಿಲ್ಲ. ರಾಜ್ಯೋತ್ಸವಕ್ಕೆ ಹಾಡಬೇಕಿತ್ತು. ಕನ್ನಡದ ಮಾಸ್ತರು ಟೇಪ್ ಹಚ್ಚಿ ಒಂದೊಂದೇ ಸಾಲು ನಿಲ್ಲಿಸಿ ನಿಲ್ಲಿಸಿ ಕೇಳಿಸಿದರು. ನಾವು ಉರ್ದು ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದುಕೊಂಡೆವು. ನಿತ್ಯೋತ್ಸವ ಎಂಬ ಪದ ನಮ್ಮ ನೋಟ್‌ಬುಕ್ಕಿನಲ್ಲಿ ನೂನ್, ತೇ, ಯೇ, ವಾವ್, ತೇ, ಸೀನ್, ವಾವ್ ಎಂಬ ಏಳು ಅಕ್ಷರಗಳಾಗಿ ಕುಳಿತಿತು. ಉರ್ದುವಿನಲ್ಲಿ ‘ಳ’ ಇಲ್ಲ, ‘ಣ’ ಇಲ್ಲ. ‘ಎ’ಗೂ ‘ಏ’ಗೂ ಭೇದ ತೋರಿಸುವ ದಾರಿ ಇಲ್ಲ. ಎಲ್ಲ ಳಕಾರಗಳೂ ಲಾಮ್ ಆದವು, ಎಲ್ಲ ಣಕಾರಗಳೂ ನೂನ್ ಆದವು. ಆ ಲಾಮುಗಳ ಕೆಳಗೆ ನಮಗೆ ನಾವೇ ಒಂದು ಚುಕ್ಕೆ ಇಟ್ಟುಕೊಂಡೆವು, ನಾಲಗೆ ಮಡಿಸಬೇಕೆಂಬ ಗುರುತಿಗೆ. ಕರಾವಳಿಯ ಓದುಗರಿಗೆ ಇದು ವಿಚಿತ್ರ ಅನ್ನಿಸಲಾರದು. ಅರಬಿ ಲಿಪಿಯಲ್ಲಿ ಮಲಯಾಳಂ ಬರೆದ ಪರಂಪರೆ ಅವರ ನೆರೆಯಲ್ಲೇ ಇದೆ. ಬರೆದದ್ದನ್ನು ನೋಡಿ ಹಾಡುವಾಗ ತಪ್ಪುತ್ತಿತ್ತು, ಕೇಳಿದ್ದನ್ನು ನೆನೆದು ಹಾಡುವಾಗ ತಪ್ಪುತ್ತಿರಲಿಲ್ಲ. ಅನಂತಸ್ವಾಮಿಯವರ ಉಚ್ಚಾರ ಅಷ್ಟು ಸ್ಪಷ್ಟ.

ಮೈಸೂರು ಅನಂತಸ್ವಾಮಿ (1936–1995) ಕವಿಗಿಂತ ಕೆಲವೇ ತಿಂಗಳು ಚಿಕ್ಕವರು. ಕವಿ ಹುಟ್ಟಿದ್ದು 1936ರ ಫೆಬ್ರವರಿ 5, ಇವರು ಅದೇ ವರ್ಷದ ಅಕ್ಟೋಬರ್ 25. ರಾಗದ ಬೆಡಗು ತೋರಿಸಲು ಮಾತನ್ನು ಬಲಿ ಕೊಡುವ ಗಾಯಕ ಅವರಲ್ಲ. ಪದದ ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಅವರ ಧಾಟಿಯೂ ಉಸಿರು ತೆಗೆದುಕೊಳ್ಳುತ್ತದೆ. ರಾಜರತ್ನಂ ಅವರ ‘ರತ್ನನ ಪದಗಳು’ ಹಾಡುವಾಗ ಬೇರೆಯೇ ಮನುಷ್ಯನಾಗಿ, ಕುವೆಂಪು ಹಾಡುವಾಗ ಇನ್ನೊಬ್ಬರಾಗಿ ಕೇಳಿಸುವ ಕಂಠ ಅದು. ‘ನಿತ್ಯೋತ್ಸವ’ದ ಶೀರ್ಷಿಕೆ ಗೀತೆಯಲ್ಲಿ ಉದ್ದುದ್ದ ಸಮಾಸಗಳಿವೆ, ಒತ್ತಕ್ಷರಗಳು ಸಾಲುಗಟ್ಟಿ ನಿಂತಿವೆ. ಕಾಗದದ ಮೇಲೆ ನೋಡಿದರೆ ಹಳ್ಳಿಯ ಹುಡುಗ ಹೆದರಬೇಕು. ಅನಂತಸ್ವಾಮಿ ಆ ಸಮಾಸಗಳನ್ನು ನಡಿಗೆಯ ಲಯಕ್ಕೆ ಇಳಿಸಿದರು. ನೂರು ಮಕ್ಕಳು ಒಟ್ಟಿಗೆ ಹಾಡಿದರೂ ಸಾಲು ಕುಸಿಯುವುದಿಲ್ಲ, ಸಂಗೀತ ಬಾರದವರು ಹಾಡಿದರೂ ಕೆಡುವುದಿಲ್ಲ. ಇದು ಸಣ್ಣ ಸಾಧನೆಯಲ್ಲ. ಕುವೆಂಪು ರಚಿಸಿದ ನಾಡಗೀತೆಗೆ ಯಾವ ಧಾಟಿ ಎಂಬ ಬಹುಕಾಲದ ಜಗಳಕ್ಕೆ ಸರಕಾರ 2022ರ ಸೆಪ್ಟೆಂಬರಿನಲ್ಲಿ ತೆರೆ ಎಳೆದು ಅನಂತಸ್ವಾಮಿಯವರ ಧಾಟಿಯನ್ನೇ, 2 ನಿಮಿಷ 30 ಸೆಕೆಂಡುಗಳ ಅವಧಿಯಲ್ಲಿ, ಅಧಿಕೃತಗೊಳಿಸಿದಾಗ ನಮಗೆ ಆಶ್ಚರ್ಯವಾಗಲಿಲ್ಲ.

ಇನ್ನು ಕವಿತೆಯ ಮಾತು. ನಿಸಾರ್ ಅಹಮದ್ ಕನ್ನಡದ ಅಧ್ಯಾಪಕರಲ್ಲ, ಭೂವಿಜ್ಞಾನದ ಅಧ್ಯಾಪಕರು. ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಜೋಗ ಇರುವುದು ಆ ಜಿಲ್ಲೆಯಲ್ಲೇ. ಶೀರ್ಷಿಕೆ ಗೀತೆಯ ಮೊದಲ ಭಾಗ ಪೂರ್ತಿ ಮಲೆನಾಡಿನದು: ಜಲಪಾತ, ತುಂಗಾ ನದಿ, ಸಹ್ಯಾದ್ರಿ, ತೇಗ ಗಂಧದ ಕಾಡು. ಪರ್ವತವನ್ನು ಹೊಗಳಿದ ಕವಿಗಳು ಬೇಕಾದಷ್ಟಿದ್ದಾರೆ, ಅದರೊಳಗಿನ ಲೋಹದ ಅದಿರನ್ನು ನೆನೆದವರು ವಿರಳ. ಕಲ್ಲನ್ನು ಸುತ್ತಿಗೆಯಿಂದ ಒಡೆದು ನೋಡಿದ ಮೇಷ್ಟರಿಗೆ ಮಾತ್ರ ಹೊಳೆಯುವ ಮಾತು ಅದು.

ಜೋಳದ ಹೊಲ, ಜಂಬಿಟ್ಟಿಗೆ ಕಲ್ಲು, ಮೇ ತಿಂಗಳ ಬಿಸಿಲು ಬಿಟ್ಟು ಬೇರೆ ಕಾಣದ ನಮ್ಮ ಸೀಮೆಗೆ ಆ ಮೊದಲ ಭಾಗ ಪರದೇಶದ ವರ್ಣನೆಯಂತಿತ್ತು. ನಮ್ಮ ತರಗತಿಯಲ್ಲಿ ಜೋಗ ಕಂಡವರು ಯಾರೂ ಇರಲಿಲ್ಲ. ಇದನ್ನು ಹಿಡಿದು ದೂರಿದವರೂ ಇದ್ದಾರೆ: ಕರ್ನಾಟಕ ಎಂದರೆ ಮಲೆನಾಡು ಮತ್ತು ಕಾವೇರಿ ಅಷ್ಟೇ ಏನು, ಮಾಂಜರಾ ನದಿ ಯಾರ ಹಾಡಿಗೂ ಬೇಡವೇ ಎಂದು. ದೂರು ಸುಳ್ಳಲ್ಲ. 1973ರಲ್ಲಿ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆದರೂ ಹಾಡುಗಳ ಭೂಪಟ ದಕ್ಷಿಣದಲ್ಲೇ ಉಳಿಯಿತು. ನಮ್ಮ ಪ್ರದೇಶಕ್ಕೆ 371 (ಜೆ) ವಿಧಿಯ ಸೌಲಭ್ಯ ಬರಲು 2013 ಆಗಬೇಕಾಯಿತು, ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ಬದಲಾಗಿ ನಮ್ಮೂರ ಹೆಸರಿನಲ್ಲೇ ‘ಕಲ್ಯಾಣ ಕರ್ನಾಟಕ’ ಆದದ್ದು 2019ರಲ್ಲಿ.

ಆದರೂ ನಾವು ಹೇಳುವುದು, ದೂರುವವರು ಹಾಡನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಎರಡನೆಯ ಭಾಗದಲ್ಲಿ ಕವಿ ಪ್ರಕೃತಿ ಬಿಟ್ಟು ಚರಿತ್ರೆಗೆ ಬರುತ್ತಾರೆ. ಅಲ್ಲಿ ಸಿಂಹಾಸನಗಳಿವೆ, ಸಾಲು ಶಾಸನಗಳಿವೆ, ಓಲೆಗರಿಗಳಿವೆ. ಚಾಲುಕ್ಯರ ಶಾಸನಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇದು ಅವರ ಓಣಿಯ ವರ್ಣನೆ. ಮೂರನೆಯ ಭಾಗದಲ್ಲಿ ಕುಲಭೇದ ಎಣಿಸದ, ಬೆಳೆಯುತ್ತಲೇ ಇರುವ ನುಡಿಯ ಹಿರಿಮೆ ಬರುತ್ತದೆ. ಕವಿ ಬಸವಕಲ್ಯಾಣವನ್ನು ಹೆಸರಿಸಿಲ್ಲ, ಹೆಸರಿಸುವ ಅಗತ್ಯವೂ ಬೀಳಲಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ನಾಡನ್ನು ದೇವಿಯಾಗಿ ಕಾಣುವ ಹಾಡುಗಳ ಬಗ್ಗೆ ಮುಸ್ಲಿಮ್ ಮನೆಗಳಲ್ಲಿ ಹಳೆಯ ಸಂಕೋಚವಿದೆ, ಅದರ ಕಾರಣವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ‘ನಿತ್ಯೋತ್ಸವ’ವೂ ನಾಡನ್ನು ತಾಯಿ ಎಂದೇ ಕರೆಯುತ್ತದೆ. ಆದರೆ ಆ ತಾಯಿಗೆ ಆಯುಧವಿಲ್ಲ, ಪೀಠವಿಲ್ಲ, ಆರತಿಯಿಲ್ಲ. ಆಕೆ ಬೆಳಕಿನಲ್ಲಿ, ನೀರಿನಲ್ಲಿ, ಅದಿರಿನಲ್ಲಿ, ಬರಹದಲ್ಲಿ ಇದ್ದಾಳೆ. ನಮ್ಮ ಅಜ್ಜಂದಿರು ಇಂಥ ವಿಷಯಗಳಲ್ಲಿ ಬಹಳ ಬಿಗಿ. ಅವರೂ ಈ ಹಾಡನ್ನು ತಡೆದದ್ದು ನಮಗೆ ನೆನಪಿಲ್ಲ. ಹಿಂದೂ ಮುಸ್ಲಿಮರಿಬ್ಬರೂ ಮನಸ್ಸಿನಲ್ಲಿ ಏನನ್ನೂ ನುಂಗಿಕೊಳ್ಳದೆ ಬಾಯಿ ತುಂಬ ಹಾಡಬಹುದಾದ ನಾಡಿನ ಹಾಡು ಬರೆಯುವುದು ಎಷ್ಟು ಕಷ್ಟವೆಂದು ಬರೆಯಲು ಕುಳಿತವರಿಗೆ ಗೊತ್ತು.

ಇದೇ ಕವಿ ಬೆಣ್ಣೆ ಕದಿಯುವ ಬಾಲಕೃಷ್ಣನ ಮೇಲೂ ಮಕ್ಕಳು ಕುಣಿಯುವಂಥ ಹಾಡು ಬರೆದರು. ಅದನ್ನು ಕೇಳಿ ಹುಬ್ಬೇರಿಸಿದವರು ಎರಡೂ ಕಡೆ ಇದ್ದರು. ಉರ್ದು ಓದಿದವರಿಗೆ ಇದರಲ್ಲಿ ವಿಶೇಷ ಕಾಣಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ನಜೀರ್ ಅಕ್ಬರಾಬಾದಿ ಕೃಷ್ಣನ ಬಾಲಲೀಲೆಯನ್ನು ಉರ್ದುವಿನಲ್ಲಿ ಹಾಡಿದ್ದಾನೆ, ಸ್ವಾತಂತ್ರ್ಯ ಹೋರಾಟಗಾರ ಮೌಲಾನಾ ಹಸ್ರತ್ ಮೊಹಾನಿಗೂ ಕೃಷ್ಣನ ಮೇಲೆ ಪ್ರೀತಿಯಿತ್ತು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನು ನೆನೆದದ್ದಂತೂ ನಮ್ಮ ನೆರೆಯಲ್ಲೇ. ನಿಸಾರರು ಕನ್ನಡದಲ್ಲಿ ಆ ಸಾಲಿಗೆ ಸೇರಿದರು ಅಷ್ಟೆ.

ಧ್ವನಿಸುರುಳಿಯ ಯಶಸ್ಸು ಎಲ್ಲರಿಗೂ ಹಿಡಿಸಲಿಲ್ಲ. ಅಡಿಗರ ನಂತರದ ನವ್ಯರಿಗೆ ಕವಿತೆಯೆಂದರೆ ಒಬ್ಬನೇ ಕುಳಿತು ಓದುವಂಥದ್ದು. ನಿಸಾರರೂ 1960ರ ‘ಮನಸು ಗಾಂಧಿ ಬಜಾರು’ ಸಂಕಲನದಿಂದ ಅದೇ ದಾರಿಯಲ್ಲಿ ಬಂದವರು. ಹಾಡಿಗೆ ಒಗ್ಗುವ ಕವಿಗಳನ್ನು ‘ಕ್ಯಾಸೆಟ್ ಕವಿ’ ಎಂದು ಚುಚ್ಚುವ ಮಾತು ಹುಟ್ಟಿಕೊಂಡಿತು. ಆ ಚುಚ್ಚುಮಾತಿನಲ್ಲಿ ಪಟ್ಟಣದ ಓದುಗನ ಸೊಕ್ಕು ಕಾಣುತ್ತದೆ. ಓದಲು ಬಾರದವರಿಗೆ ಕವಿತೆ ಬೇಡವೆಂದು ತೀರ್ಮಾನಿಸುವ ಹಕ್ಕನ್ನು ಇವರಿಗೆ ಯಾರು ಕೊಟ್ಟರು?

ಆದರೆ ಆಕ್ಷೇಪದ ಇನ್ನೊಂದು ಮಗ್ಗುಲನ್ನು ತಳ್ಳಿಹಾಕಲಾಗದು. ಧ್ವನಿಸುರುಳಿ ಒಬ್ಬ ಕವಿಯನ್ನು ಮನೆಮನೆಗೆ ಒಯ್ಯುತ್ತದೆ, ಒಯ್ಯುವಾಗ ಹಗುರ ಮಾಡಿ ಒಯ್ಯುತ್ತದೆ. 1972ರಲ್ಲಿ ಬಂದ ನಿಸಾರರ ಸಂಕಲನದ ಹೆಸರು ‘ನಾನೆಂಬ ಪರಕೀಯ’. ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಹೆಸರಿನ ಕವಿತೆಯೊಂದು ಅವರದಿದೆ. ಬಹುಸಂಖ್ಯಾತರ ನಡುವೆ ಬದುಕುವ ಒಬ್ಬ ಮುಸ್ಲಿಮ್, ತನ್ನನ್ನು ಬೆನ್ನ ಹಿಂದೆ ಅಳೆಯುವ ಕಣ್ಣುಗಳನ್ನು ಅರಿತೂ ಸಹಜವಾಗಿರಬೇಕಾದ ಕಷ್ಟವನ್ನು ಇಷ್ಟು ನೇರವಾಗಿ ಹೇಳಿದ ಕವಿತೆ ಕನ್ನಡದಲ್ಲಿ ಅದಕ್ಕೆ ಮೊದಲು ನಾವು ಓದಿಲ್ಲ. ನಮ್ಮ ತಾಲೂಕಿನ ಯಾವ ವೇದಿಕೆಯಲ್ಲೂ ಅದನ್ನು ಯಾರೂ ಹಾಡಿದ್ದನ್ನು ಕೇಳಿಲ್ಲ. ರಾಜ್ಯೋತ್ಸವದ ದಿನ ಹಾಡಲು ಅದು ತಕ್ಕದ್ದೂ ಅಲ್ಲ ಅನ್ನಿ. ಉತ್ಸವದ ಕವಿ ಎಲ್ಲರಿಗೂ ಬೇಕಾದರು, ಪರಕೀಯತೆಯ ಕವಿ ಕಪಾಟಿನಲ್ಲಿ ಉಳಿದರು. ಇಬ್ಬರೂ ಒಬ್ಬರೇ ಎಂಬುದು, ಎರಡೂ ಸಂಕಲನಗಳ ನಡುವೆ ನಾಲ್ಕೇ ವರ್ಷದ ಅಂತರವೆಂಬುದು ಮರೆತುಹೋಯಿತು.

ಇದರಿಂದ ನಮ್ಮ ಪೀಳಿಗೆಗೆ ಒಂದು ವಿಚಿತ್ರ ಪೇಚು ಬಂತು. ಎಲ್ಲಾದರೂ ಕನ್ನಡದ ಮಾತು ಬಂದು ಉರ್ದು ಮಾತಾಡುವವರತ್ತ ಬೆರಳು ಹೊರಳಿದಾಗ, ನಮ್ಮ ಕಡೆಯವರು ಕೂಡಲೇ ‘ನಿತ್ಯೋತ್ಸವ ಬರೆದವರು ಯಾರು ಗೊತ್ತೇ?’ ಎಂದು ಕೇಳುವ ಅಭ್ಯಾಸ ಮಾಡಿಕೊಂಡರು. ಉತ್ತರ ಕೇಳಿ ಎದುರಿನವರು ಸುಮ್ಮನಾಗುತ್ತಿದ್ದರು. ನಾವೂ ಇದನ್ನು ಎಷ್ಟೋ ಸಲ ಕೇಳಿದ್ದೇವೆ. ಒಂದು ಹಾಡು ಹೀಗೆ ರಹದಾರಿ ಚೀಟಿಯಾಗುವುದು ಅದಕ್ಕೂ ಒಳ್ಳೆಯದಲ್ಲ, ತೋರಿಸುವವರಿಗೂ ಒಳ್ಳೆಯದಲ್ಲ. ಜೋಗವನ್ನು ಹಾಡಿದ ಕವಿ ಆ ನೋಟದ ಹಕ್ಕು ಯಾರಿಂದಲೂ ಕೇಳಿ ಪಡೆದದ್ದಲ್ಲ. ಕೊಲ್ಲಿಯಿಂದ ಬಂದ ಟೇಪ್ ರೆಕಾರ್ಡರಿನಲ್ಲಿ ಅದನ್ನು ಕೇಳಿದ ನಮ್ಮ ತಾಯಂದಿರೂ ಯಾರಿಗೋ ತೋರಿಸಲೆಂದು ಕೇಳಲಿಲ್ಲ. ಅವರಿಗೆ ಅದು ಚೆಂದ ಅನ್ನಿಸಿತ್ತು.

ಗೌರವಗಳು ಕವಿಯನ್ನು ಹುಡುಕಿಕೊಂಡು ಬಂದವು. 2006ರಲ್ಲಿ ಶಿವಮೊಗ್ಗದಲ್ಲಿ ನಡೆದ 73ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 2008ರಲ್ಲಿ ಪದ್ಮಶ್ರೀ. 2017ರ ಸೆಪ್ಟೆಂಬರಿನಲ್ಲಿ ಅವರು ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. 2020ರ ಮೇ 3ರಂದು ಅವರು ತೀರಿಕೊಂಡಾಗ ನಾಡು ಕೊರೊನಾದ ದಿಗ್ಬಂಧನದಲ್ಲಿತ್ತು. ಜನಸಾಗರ ಸೇರಬೇಕಿದ್ದ ಬೀಳ್ಕೊಡುಗೆ ಮನೆಗಳೊಳಗಿನ ಟಿ.ವಿ. ಪರದೆಯ ಮೇಲೆ, ಅದೇ ಹಾಡಿನೊಡನೆ ನಡೆಯಿತು. ಮರುವರ್ಷ, 2021ರ ಅಕ್ಟೋಬರ್ 28ರಂದು ರಾಜ್ಯ ಸರಕಾರ ಲಕ್ಷ ಕಂಠಗಳ ಗಾಯನ ಏರ್ಪಡಿಸಿ ಮೂರು ಹಾಡುಗಳನ್ನು ಆರಿಸಿದಾಗ ಕುವೆಂಪು ಮತ್ತು ಹಂಸಲೇಖ ಅವರ ಹಾಡುಗಳ ಜೊತೆಗಿದ್ದದ್ದು ನಿಸಾರರ ಈ ಹಾಡೇ. ಲಕ್ಷ ಕಂಠಗಳು ಕುಲಭೇದವಿಲ್ಲದ ನುಡಿಯನ್ನು ಹೊಗಳಿ ಹಾಡಿದವು. ಅದಾಗಿ ಮೂರು ನಾಲ್ಕು ತಿಂಗಳಲ್ಲೇ ತಲೆವಸ್ತ್ರ ತೊಟ್ಟ ಹುಡುಗಿಯರು ಇದೇ ನಾಡಿನ ಕಾಲೇಜುಗಳ ಗೇಟಿನ ಹೊರಗೆ ನಿಂತಿದ್ದರು.

2025ರಲ್ಲಿ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರನ್ನು ದಸರಾ ಉದ್ಘಾಟನೆಗೆ ಕರೆದಾಗ ನಡೆದದ್ದು ಎಲ್ಲರಿಗೂ ನೆನಪಿದೆ. ವಿವಾದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ಕಡೆ ಅರ್ಜಿ ಬಿದ್ದುಹೋಯಿತು, ಸೆಪ್ಟೆಂಬರ್ 22ರಂದು ಅವರು ಉದ್ಘಾಟಿಸಿದರು. ಆಗ ಎಲ್ಲರೂ ನೆನೆದದ್ದು ನಿಸಾರ್ ಅಹಮದರನ್ನು: ಎಂಟು ವರ್ಷದ ಹಿಂದೆ ಅವರು ಹೋದಾಗ ಇಲ್ಲದ ಆಕ್ಷೇಪ ಈಗೇಕೆ? ಕಾಲ ಬದಲಾಗಿದೆ ಎಂಬುದು ಒಂದು ಉತ್ತರ. ನಮಗೆ ತೋಚುವ ಇನ್ನೊಂದು ಉತ್ತರವಿದೆ. ನಿಸಾರರು ಹಾಡಾಗಿ ಎಲ್ಲರ ಬಾಯಲ್ಲಿದ್ದರು, ನಿತ್ಯ ಹಾಡುವ ಬಾಯಿಂದ ಅವರನ್ನು ತಡೆಯುವ ಮಾತು ಹೊರಡುವುದು ಕಷ್ಟವಿತ್ತು. ಬಾನು ಅವರದು ಕತೆ. ಕತೆಯನ್ನು ಓದಬೇಕು, ಅದರಲ್ಲೂ ಅವರ ಕತೆಗಳು ಮನೆಯೊಳಗಿನ ನೋವನ್ನು ಕೆದಕುವಂಥವು. ಅವು ಸಮೂಹ ಗಾಯನಕ್ಕೆ ಒದಗುವುದಿಲ್ಲ. ಹಾಡಿನ ಕವಿಗೆ ಸುಲಭವಾಗಿ ಸಿಕ್ಕ ಜಾಗ ಕತೆಗಾರ್ತಿಗೆ ಕೋರ್ಟಿನ ಆದೇಶದ ಮೂಲಕ ಸಿಗಬೇಕಾಯಿತು. ಕತೆ ಬರೆಯುವ ನಮ್ಮಂಥವರು ಇದನ್ನು ಗಮನಿಸದೆ ಇರಲಾಗುವುದಿಲ್ಲ.

ಧ್ವನಿಸುರುಳಿಯ ಕಾಲ ಮುಗಿದು ಬಹಳ ವರ್ಷವಾಯಿತು. ಮೊದಲು ಸಿ.ಡಿ. ಬಂತು, ಅದೂ ಹೋಯಿತು. ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿ ತಂದೆಯ ಧಾಟಿಗಳನ್ನು ಹೊಸ ಪೀಳಿಗೆಗೆ ದಾಟಿಸುತ್ತಿದ್ದಾಗಲೇ 2009ರಲ್ಲಿ ಎಳೆಯ ವಯಸ್ಸಿನಲ್ಲಿ ತೀರಿಹೋದರು. ಬಸವಕಲ್ಯಾಣದ ಬಜಾರಿನಲ್ಲಿ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಕೊಡುತ್ತಿದ್ದ ಅಂಗಡಿಗಳಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ನಮ್ಮ ಉರ್ದು ಶಾಲೆಗಳ ಮಕ್ಕಳು ಹಾಡನ್ನು ಫೋನಿನಲ್ಲಿ ಕೇಳಿ ಕಲಿಯುತ್ತಾರೆ, ಕನ್ನಡ ಅಕ್ಷರಗಳಲ್ಲೇ ಬರೆದುಕೊಳ್ಳುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿ ‘ಳ’ ತನ್ನ ಜಾಗದಲ್ಲೇ ಇದೆ, ಲಾಮಿನ ಕೆಳಗೆ ಚುಕ್ಕೆ ಇಡುವ ಕಷ್ಟ ಅವರಿಗಿಲ್ಲ.